ಕರೆಂಟ್ ಇಡ್ಸೋರ ಬಾಯಿಗೆ ಏನು, ಯಾವಾಗ: ಉಪ್ಪು-ಸೋಡಾದಿಂದ ಮೂಗಿನ ಟ್ಯೂಬ್ ತನಕ ಒಂದು ಹೋಲಿಕೆ

ಕೆನ್ನೆ, ನಾಲಿಗೆ, ವಸಡು, ಗಂಟಲು ಈ ಜಾಗದ ಕ್ಯಾನ್ಸರಿಗೆ ರೇಡಿಯೇಶನ್ ಅಂದ್ರೆ (ನಮ್ ಕಡೆ ಎಲ್ಲರೂ ಕರೆಂಟ್ ಇಡೋದು ಅಂತಾರೆ) ಸಾಮಾನ್ಯವಾಗಿ ಒಟ್ಟು 60ರಿಂದ 70 ಗ್ರೇ (ಕರೆಂಟಿನ ಡೋಸ್ ಅಳೆಯೋ ಲೆಕ್ಕ), ದಿನಕ್ಕೆ 2 ಗ್ರೇ ಲೆಕ್ಕ, ವಾರಕ್ಕೆ ಐದು ದಿನ, ಆರೇಳು ವಾರ ನಡಿಯತ್ತೆ. ಕರೆಂಟ್ ಇಡೋವಾಗ ನೋವೇ ಆಗಲ್ಲ, ಮೊದಲ ವಾರ ಪೇಷೆಂಟು ಆರಾಮಾಗಿ ಓಡಾಡ್ಕೊಂಡು ಇರ್ತಾರೆ, "ಇಷ್ಟೇನಾ" ಅಂತ ಮನೆಯವರೂ ನಿರಾಳ ಆಗ್ತಾರೆ, ಅಷ್ಟರಲ್ಲಿ ಜೊಲ್ಲು ಗಟ್ಟಿಯಾಗಿ ದಾರದ ತರ ಎಳಿಯೋಕೆ ಶುರು ಆಗತ್ತೆ, ಎರಡನೇ ವಾರ ರುಚಿ ಹೋಗತ್ತೆ, ಮೂರನೇ ವಾರಕ್ಕೆ ಹುಣ್ಣು. ಕೊನೇ ವಾರ ಮತ್ತು ಮುಗಿದ ಮೇಲಿನ ಒಂದೆರಡು ವಾರ ಎಲ್ಲಕ್ಕಿಂತ ಕಷ್ಟ. ಮುಗೀತು ಅಂತ ಮನೆಗೆ ಬಂದ ಮೇಲೆ ಜಾಸ್ತಿ ಆಗತ್ತಲ್ಲ ಅಂತ ತುಂಬಾ ಜನ ಗಾಬರಿ ಬೀಳ್ತಾರೆ, ಆದ್ರೆ ಅದು ಹಾಗೇ ಆಗೋದು. ಹುಣ್ಣು ಮೂರರಿಂದ ಆರು ವಾರದಲ್ಲಿ ಮಾಯತ್ತೆ, ರುಚಿ ವಾಪಸ್ ಬರೋಕೆ ತಿಂಗಳುಗಳು ಬೇಕು, ಒಣ ಬಾಯಿ ಮತ್ತೆ ಹಲ್ಲು-ದವಡೆ ತೊಂದ್ರೆ ಮಾತ್ರ ವರ್ಷಗಟ್ಲೆ ಜೊತೇಲೇ ಇರತ್ತೆ.

ಮೆಡಿಕಲ್ ಶಾಪಲ್ಲಿ ಬಾಟ್ಲಿಗಳ ಸಾಲು ನೋಡಿದ್ರೆ ಯಾವ್ದು ಒಳ್ಳೇದು ಅನ್ನೋ ಪ್ರಶ್ನೆ ಬಂದೇ ಬರತ್ತೆ. ನಾನು ಎರಡು ವಿಷಯ ಇಟ್ಕೊಂಡು ತೂಗ್ತೀನಿ. ಒಂದು, ಕರೆಂಟ್ ಮಧ್ಯದಲ್ಲಿ ನಿಲ್ಲದ ಹಾಗೆ ಇದು ಸಹಾಯ ಮಾಡತ್ತಾ? ಯಾಕಂದ್ರೆ ಒಟ್ಟು ಅವಧಿ ಒಂದೊಂದು ದಿನ ಎಳೆದಾಗಲೂ ಗಡ್ಡೆ ಹತೋಟಿಗೆ ಬರೋ ಸಾಧ್ಯತೆ ಸುಮಾರು ಶೇಕಡ 1ರಷ್ಟು ಇಳಿಯತ್ತೆ ಅಂತ ಲೆಕ್ಕ, ಬಾಯಿ ನೋವಿಗೆ ಹೆದರಿ ಒಂದು ವಾರ ಮನೇಲಿ ಕೂತ್ರೆ ಆ ನಷ್ಟ ಯಾವ ಔಷಧೀಲೂ ತುಂಬಲ್ಲ. ಎರಡನೇದು, ಇದನ್ನ ಶುರು ಮಾಡೋ ಟೈಮ್ ಯಾವ್ದು? ಒಳ್ಳೇ ಔಷಧೀನೂ ಲೇಟಾಗಿ ತಂದ್ರೆ ದಂಡ. ನಾನು ಡಾಕ್ಟರ್ ಅಲ್ಲ, ಮನೇಲಿ ಒಬ್ಬರನ್ನ ನೋಡ್ಕೊಂಡೋಳು, ಹಾಗಾಗಿ ಇಲ್ಲಿ ಬರೆದಿರೋ ಔಷಧಿ ಯಾವ್ದನ್ನೂ ನಿಮ್ ಆಂಕಾಲಜಿಸ್ಟ್‌ಗೆ ಹೇಳದೆ ಶುರು ಮಾಡ್ಬೇಡಿ.

ಹಲ್ಲು: ಮೊದಲೇ ಕೀಳಿಸೋದಾ, ಆಮೇಲಾ?

ಇದನ್ನ ಮೊದಲಿಗೆ ಇಟ್ಟಿದ್ದು ಬೇಕಂತಲೇ, ಇಲ್ಲಿ ತಪ್ಪಿದ್ರೆ ಸರಿ ಮಾಡೋಕೆ ಎರಡನೇ ಚಾನ್ಸ್ ಇಲ್ಲ. ಕರೆಂಟ್ ಬಿದ್ದ ದವಡೆ ಮೂಳೆಗೆ, ಅದರಲ್ಲೂ ಕೆಳ ದವಡೆಗೆ, ರಕ್ತ ಸಂಚಾರ ಕಮ್ಮಿ ಆಗಿಬಿಡತ್ತೆ. ಆಮೇಲೆ ಅಲ್ಲಿ ಹಲ್ಲು ಕಿತ್ರೆ ಗಾಯ ಮಾಯದೆ ಮೂಳೆನೇ ಸತ್ತು ಹೊರಗೆ ಕಾಣಿಸ್ಕೊಳ್ಳಬಹುದು, ಇದಕ್ಕೆ ಆಸ್ಟಿಯೋರೇಡಿಯೋನೆಕ್ರೋಸಿಸ್ ಅಂತಾರೆ, 60 ಗ್ರೇ ದಾಟಿದ ಜಾಗದಲ್ಲಿ ಅಪಾಯ ಜಾಸ್ತಿ, ಮತ್ತೆ ಆ ಅಪಾಯ ಐದು ವರ್ಷ ಆದ್ಮೇಲೆ ಹೋಗ್ಬಿಡತ್ತೆ ಅಂತೇನಿಲ್ಲ, ಜೀವನ ಪೂರ್ತಿ ಇರತ್ತೆ.

ಹಾಗಾಗಿ ಉಳಿಯೋ ಹಾಗೆ ಕಾಣದ ಹಲ್ಲನ್ನ ಮೊದಲೇ ತೆಗೆಸೋದು ಸರಿ: ಬೇರಿನ ತನಕ ಹುಳುಕು, ಕೀವು ತುಂಬಿದ ಬೇರು, ಅಲ್ಲಾಡೋ ಹಲ್ಲು, ಅದೂ ಕರೆಂಟ್ ಬೀಳೋ ಜಾಗದ ದವಡೆ ಹಲ್ಲು. ತೆಗೆದ ಮೇಲೆ ಗಾಯ ಮಾಯೋಕೆ ಕಮ್ಮಿ ಅಂದ್ರೂ ಎರಡು ವಾರ, ಮೂರು ವಾರ ಸಿಕ್ಕಿದ್ರೆ ಇನ್ನೂ ಒಳ್ಳೇದು. ತೊಂದ್ರೆ ಏನಂದ್ರೆ ಕ್ಯಾನ್ಸರ್ ಅಂತ ಗೊತ್ತಾದ ಗಾಬರೀಲಿ ಹಲ್ಲಿನ ನೆನಪು ಯಾರಿಗೂ ಬರಲ್ಲ, ಕರೆಂಟ್ ಇಡೋವಾಗ ತಲೆ ಅಲ್ಲಾಡದ ಹಾಗೆ ಮುಖಕ್ಕೆ ಹಾಕೋ ಮಾಸ್ಕ್ ಮೌಲ್ಡ್ ಮಾಡೋ ದಿನ "ಡೆಂಟಲ್ ತೋರಿಸಿದ್ರಾ" ಅಂತ ಕೇಳ್ತಾರೆ, ಆಗ ಟೈಮೇ ಇರಲ್ಲ. ಬಯಾಪ್ಸಿ ರಿಪೋರ್ಟ್ ಬಂದ ವಾರದಲ್ಲೇ ಪೂರ್ತಿ ದವಡೆಯ ಎಕ್ಸ್‌ರೇ, ಅಂದ್ರೆ ಓಪಿಜಿ, ತೆಗೆಸಿ ಡೆಂಟಿಸ್ಟ್ ಹತ್ರ ಹೋಗಿ. ಕ್ಯಾನ್ಸರ್ ಆಪರೇಶನ್ನೂ ಇದ್ರೆ ಅದೇ ಅನಸ್ತೇಶಿಯಾದಲ್ಲಿ ಕೆಟ್ಟ ಹಲ್ಲೂ ತೆಗೀತೀರಾ ಅಂತ ಸರ್ಜನ್‌ನ ಕೇಳಿ, ಆಪರೇಶನ್ ಆಗಿ ಆರು ವಾರದೊಳಗೆ ರೇಡಿಯೇಶನ್ ಶುರು ಆಗ್ಬೇಕು ಅನ್ನೋದ್ರಿಂದ ಹಲ್ಲಿಗೋಸ್ಕರ ಅಂತ ಬೇರೆ ಟೈಮ್ ಉಳಿಯಲ್ಲ.

ಹಾಗಂತ ಇರೋಬರೋ ಹಲ್ಲೆಲ್ಲ ಕೀಳಿಸೋದು ಹಳೇ ಕಾಲದ ಪದ್ಧತಿ, ಗಟ್ಟಿ ಹಲ್ಲು ಇರ್ಲಿ, ತುಂಬಿಸೋದಿದ್ರೆ ತುಂಬಿಸಿ, ಕ್ಲೀನಿಂಗ್ ಮಾಡಿಸಿ.

ರೇಡಿಯೇಶನ್ ಆಗಿಹೋದ ಮೇಲೆ ಹಲ್ಲು ನೋವು ಬಂದ್ರೆ ಕೀಳೋದಕ್ಕಿಂತ ರೂಟ್ ಕೆನಾಲ್ ಮಾಡಿ, ಬೇಕಿದ್ರೆ ಮೇಲಿನ ಭಾಗ ಕತ್ತರಿಸಿ ಬೇರನ್ನ ಹಾಗೇ ಬಿಡೋದು ಸೇಫು. ಕೀಳಲೇಬೇಕು ಅಂದ್ರೆ ಓರಲ್ ಸರ್ಜನ್ ಇರೋ ಆಸ್ಪತ್ರೇಲಿ, ಆ ಜಾಗಕ್ಕೆ ಎಷ್ಟು ಗ್ರೇ ಬಿದ್ದಿತ್ತು ಅನ್ನೋ ಕಾಗದ ತೋರಿಸಿ ಕೀಳಿಸಿ. ಹೈಪರ್‌ಬೇರಿಕ್ ಆಕ್ಸಿಜನ್ (ಜಾಸ್ತಿ ಒತ್ತಡದ ಕೋಣೇಲಿ ಕೂರಿಸಿ ಕೊಡೋ ಆಕ್ಸಿಜನ್) ಕೊಟ್ಟು ಕಿತ್ರೆ ಮೂಳೆ ಕೆಡಲ್ಲ ಅಂತ ದುಬಾರಿ ಪ್ಯಾಕೇಜ್ ಹೇಳೋರಿದಾರೆ, ಆದ್ರೆ 2019ರಲ್ಲಿ ಬಂದ ಬ್ರಿಟನ್ನಿನ ಹೋಪಾನ್ ಟ್ರಯಲ್‌ನಲ್ಲಿ ಆ ರೀತಿ ಮುಂಜಾಗ್ರತೆಗೆ ಅಂತ ಕೊಟ್ಟಾಗ ಲಾಭ ಕಾಣಿಸಲಿಲ್ಲ.

ಮೆಷೀನ್ ವಿಷ್ಯ, ಚಿಕ್ಕದಾಗಿ

ಆಯ್ಕೆ ಇದ್ರೆ ಐಎಂಆರ್‌ಟಿ, ಅಂದ್ರೆ ಗಡ್ಡೆಯ ಆಕಾರಕ್ಕೆ ತಕ್ಕ ಹಾಗೆ ಕರೆಂಟ್ ಹೊಂದಿಸಿ ಕೊಡೋ ವಿಧಾನ. ಕಿವಿ ಮುಂದಿರೋ ಪರೋಟಿಡ್ ಅನ್ನೋ ಜೊಲ್ಲಿನ ಗ್ರಂಥಿಯನ್ನ ಆದಷ್ಟು ತಪ್ಪಿಸಿ ಕರೆಂಟ್ ಕೊಡೋಕೆ ಅದ್ರಲ್ಲಿ ಆಗತ್ತೆ. 2011ರಲ್ಲಿ ಪ್ರಕಟವಾದ ಪಾರ್‌ಸ್ಪೋರ್ಟ್ ಅನ್ನೋ ಬ್ರಿಟಿಷ್ ಟ್ರಯಲ್‌ನಲ್ಲಿ ವರ್ಷದ ನಂತರ ತೊಂದ್ರೆ ಕೊಡೋ ಮಟ್ಟದ ಒಣ ಬಾಯಿ ಹಳೇ ವಿಧಾನದಲ್ಲಿ ಶೇಕಡ 74 ಜನಕ್ಕೆ, ಐಎಂಆರ್‌ಟಿಯಲ್ಲಿ ಶೇಕಡ 38 ಜನಕ್ಕೆ ಇತ್ತು. ಆದ್ರೆ ಹುಣ್ಣು ಇದ್ರಲ್ಲೂ ಬರತ್ತೆ, ಅದರ ಮೇಲೆ ಭ್ರಮೆ ಬೇಡ. ಮತ್ತೆ ಒಳ್ಳೇ ಮೆಷೀನಿಗೆ ಅಂತ ತಿಂಗಳುಗಟ್ಲೆ ಕ್ಯೂನಲ್ಲಿ ಕಾಯೋದಾದ್ರೆ ಲೆಕ್ಕ ಉಲ್ಟಾ ಆಗತ್ತೆ, ಗಡ್ಡೆ ಕಾಯ್ತಾ ಕೂರಲ್ಲ. ಸರ್ಕಾರಿ ಸ್ಕೀಮಿನ ಕಾರ್ಡಲ್ಲಿ ಯಾವ ವಿಧಾನಕ್ಕೆ ಅಪ್ರೂವಲ್ ಸಿಗತ್ತೆ ಅಂತ ಪ್ಲಾನಿಂಗ್ ಸ್ಕ್ಯಾನ್‌ಗಿಂತ ಮುಂಚೆ ಕೌಂಟರಲ್ಲಿ ಕೇಳ್ಕೊಳ್ಳಿ, ಆಮೇಲೆ ಕೇಳಿ ಪ್ರಯೋಜನ ಇಲ್ಲ.

ಬಾಯಿ ಮುಕ್ಕಳಿಸೋಕೆ ಯಾವ್ದು

ಉಪ್ಪು-ಸೋಡಾ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಅಲ್ಲ. ಉರಿದ್ರೆ ಉಪ್ಪು ಅರ್ಧ ಮಾಡಿ. ಎಚ್ಚರ ಇರೋವಾಗ ಎರಡೆರಡು ಗಂಟೆಗೊಮ್ಮೆ, ಊಟ ಆದ್ಮೇಲೆ ತಪ್ಪದೆ, ನುಂಗಬಾರದು, ದಿನಾ ಹೊಸದಾಗಿ ಕಲಸಬೇಕು. ಇದು ಹುಣ್ಣು ಬರೋದನ್ನ ನಿಲ್ಲಿಸಲ್ಲ, ಆದ್ರೆ ಅಂಟಂಟು ಜೊಲ್ಲನ್ನ ಸಡಿಲ ಮಾಡಿ ಬಾಯಿನ ಕ್ಲೀನಾಗಿ ಇಡತ್ತೆ, ಮತ್ತೆ ಮೊದಲ ದಿನದಿಂದ ಕೊನೇ ತನಕ ಉರಿಯದೆ ಉಪಯೋಗಿಸೋಕೆ ಆಗೋದು ಹೆಚ್ಚುಕಮ್ಮಿ ಇದೊಂದೇ. ನನ್ನ ಪ್ರಕಾರ ಇದೇ ಬುನಾದಿ, ಉಳಿದಿದ್ದೆಲ್ಲ ಇದರ ಮೇಲೆ.

ಬೆಂಜಿಡಮೈನ್ (0.15% ಇರೋ ಹಸಿರು-ಗಿಸಿರು ಬಣ್ಣದ ಬಾಟ್ಲಿಗಳು, ಕಂಪನಿ ಮೇಲೆ ಹೆಸರು ಬೇರೆ) ನೋವು-ಊತ ಕಮ್ಮಿ ಮಾಡೋ ಔಷಧಿ. ಹುಣ್ಣು ಬರೋದನ್ನ ತಡಿಯೋಕೆ ಅಂತ ಅಂತಾರಾಷ್ಟ್ರೀಯ ಗೈಡ್‌ಲೈನ್‌ನಲ್ಲಿ ಜಾಗ ಸಿಕ್ಕಿರೋ ಮೌತ್‌ವಾಶ್ ಇದು, 50 ಗ್ರೇ ತನಕದ ಡೋಸಲ್ಲಿ ಪುರಾವೆ ಗಟ್ಟಿ ಇದೆ. ಆದ್ರೆ ತಡಿಯೋಕೆ ಅನ್ನೋದನ್ನ ಗಮನಿಸಿ, ಮೊದಲ ದಿನದಿಂದ ಹಾಕಿದ್ರೆ ಅದಕ್ಕೆ ಅರ್ಥ. ನಾಲ್ಕನೇ ವಾರ ಬಾಯೆಲ್ಲ ಕಿತ್ತೋದ ಮೇಲೆ ಅದನ್ನ ತಂದು ಹಾಕಿದ್ರೆ ಪೇಷೆಂಟು ಬಾಟ್ಲಿ ಎಸೀತಾರೆ, ಅಷ್ಟು ಉರಿಯತ್ತೆ. ಉರಿ ಶುರುವಾದಾಗ ಸಮ ನೀರು ಬೆರೆಸಿ ಮುಂದುವರಿಸಬಹುದು.

ಕ್ಲೋರ್‌ಹೆಕ್ಸಿಡಿನ್. ಇದು ಎಲ್ಲರ ಮನೇಲೂ ಇರತ್ತೆ, ಡೆಂಟಿಸ್ಟ್ ಯಾವಾಗ್ಲೋ ಬರೆದಿದ್ದು, ಅದನ್ನೇ ಹಾಕ್ಕೋತಾರೆ. ರೇಡಿಯೇಶನ್ ಹುಣ್ಣು ತಡಿಯೋಕೆ ಇದು ಬೇಡ ಅಂತಲೇ ಗೈಡ್‌ಲೈನ್ ಹೇಳತ್ತೆ, ಯಾಕಂದ್ರೆ ಆ ಹುಣ್ಣು ಕ್ರಿಮಿಯಿಂದ ಬಂದಿದ್ದಲ್ಲ. ಹಲ್ಲು ಕಂದು ಆಗತ್ತೆ, ಮೊದಲೇ ಕೆಟ್ಟಿರೋ ರುಚಿ ಇನ್ನೂ ಕೆಡತ್ತೆ. ವಸಡಿಗೆ ಸೋಂಕು ಆಗಿದೆ ಅಂತ ಡೆಂಟಿಸ್ಟ್ ಹೇಳಿದ್ರೆ ಮಾತ್ರ, ಅದೂ ಆಲ್ಕೋಹಾಲ್ ಇಲ್ಲದ್ದು. ಆಲ್ಕೋಹಾಲ್ ಇರೋ ಖಾರದ ಮಿಂಟ್ ಮೌತ್‌ವಾಶ್‌ಗಳನ್ನಂತೂ ಮನೆಯಿಂದ ಹೊರಗೆ ಹಾಕಿ.

ಅರಿಶಿನ, ಜೇನುತುಪ್ಪ. ಅಜ್ಜಿ ಔಷಧಿ ಅಂತ ನಗೋ ಹಾಗಿಲ್ಲ. ಮಂಗಳೂರಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರಿಶಿನದ ನೀರನ್ನ ಪೊವಿಡೋನ್ ಅಯೋಡಿನ್ ಅನ್ನೋ ಕ್ರಿಮಿ ಕೊಲ್ಲೋ ಮೌತ್‌ವಾಶ್ ಜೊತೆ ಹೋಲಿಸಿದ್ರು, ಅರಿಶಿನ ಮುಕ್ಕಳಿಸಿದವರಿಗೆ ಹುಣ್ಣು ನಿಧಾನವಾಗಿ ಬಂತು, ತೀವ್ರತೆನೂ ಕಮ್ಮಿ. ಜೇನಿನ ಬಗ್ಗೆ 2003ರಲ್ಲಿ ಮಲೇಷ್ಯಾದ ಒಂದು ಚಿಕ್ಕ ಟ್ರಯಲ್ ಬಂತು, ಕರೆಂಟಿಗೆ 15 ನಿಮಿಷ ಮುಂಚೆ, 15 ನಿಮಿಷ ಆದ್ಮೇಲೆ, ಮತ್ತೆ ಆರು ಗಂಟೆ ಬಿಟ್ಟು 20 ಎಂಎಲ್ ಜೇನನ್ನ ಬಾಯೆಲ್ಲ ಓಡಾಡಿಸಿ ನಿಧಾನಕ್ಕೆ ನುಂಗೋದು, ಜೋರು ಹುಣ್ಣು ಕಮ್ಮಿ ಆಯ್ತು. ಈಗ ಗೈಡ್‌ಲೈನೂ ಜೇನನ್ನ ಬೇಡ ಅನ್ನಲ್ಲ. ಆದ್ರೆ ಶುಗರ್ ಇರೋರಿಗೆ ದಿನಕ್ಕೆ 60 ಎಂಎಲ್ ಜೇನು ಆಟದ ಮಾತಲ್ಲ, ಜೊಲ್ಲು ಇಲ್ಲದ ಬಾಯಲ್ಲಿ ಸಿಹಿ ನಿಂತ್ರೆ ಹಲ್ಲೂ ಹೋಗತ್ತೆ, ಆಮೇಲೆ ಮುಕ್ಕಳಿಸಲೇಬೇಕು. ಎರಡರಲ್ಲಿ ನಾನಾದ್ರೆ ಅರಿಶಿನದ ನೀರನ್ನ ಆರಿಸ್ತೀನಿ, ತೆಳ್ಳಗೆ, ಉಪ್ಪು-ಸೋಡಾ ಬಿಡದೆ. ಹಸಿ ಅರಿಶಿನ ಅರೆದು ಹುಣ್ಣಿಗೆ ಮೆತ್ತೋದು, ಲವಂಗದ ಎಣ್ಣೆ ಹಚ್ಚೋದು, ಇವೆಲ್ಲ ಬೇಡ.

ಇನ್ನು ಕೆಂಪು ಲೇಸರ್ ಬೆಳಕು ಹಿಡಿಯೋದು, ಫೋಟೋಬಯೋಮಾಡ್ಯುಲೇಶನ್. ಹುಣ್ಣು ತಡಿಯೋದ್ರಲ್ಲಿ ಇದಕ್ಕಿರೋ ಪುರಾವೆ ಯಾವ ಬಾಟ್ಲಿಗೂ ಇಲ್ಲ, ನೋವೂ ಇಲ್ಲ, ಆದ್ರೆ ಮೆಷೀನು ಮತ್ತೆ ಅದನ್ನ ದಿನಾ ಹಿಡಿಯೋಕೆ ಜನ ಬೇಕು. ನೀವು ಹೋಗೋ ಆಸ್ಪತ್ರೇಲಿ ಇದ್ರೆ ಯೋಚ್ನೆನೇ ಮಾಡದೆ ಮೊದಲ ದಿನದಿಂದ ಹಾಕಿಸ್ಕೊಳ್ಳಿ.

ನೋವಿಗೆ: ಮರಗಟ್ಟಿಸೋ ಜೆಲ್ಲಾ, ಮಾತ್ರೆನಾ

ಲಿಗ್ನೋಕೇನ್ ವಿಸ್ಕಸ್ ಅಥವಾ ಮ್ಯುಕೇನ್ ತರದ ಜೆಲ್ಲು ಊಟಕ್ಕೆ ಹತ್ತು ನಿಮಿಷ ಮುಂಚೆ ಹಾಕಿದ್ರೆ ಸ್ವಲ್ಪ ಹೊತ್ತು ಬಾಯಿ ಮರಗಟ್ಟತ್ತೆ, ಅಷ್ಟರಲ್ಲಿ ನಾಲ್ಕು ತುತ್ತು ಒಳಗೆ ಹೋಗತ್ತೆ. ಅದರ ಕೆಲಸ ಅಷ್ಟೇ. ಮರಗಟ್ಟಿದ ಬಾಯಿಗೆ ಬಿಸಿ ಗೊತ್ತಾಗಲ್ಲ, ಗಂಟಲು ಮರಗಟ್ಟಿದ್ರೆ ನೀರು ಶ್ವಾಸಕ್ಕೆ ಹೋಗಬಹುದು, ಹಾಗಾಗಿ ಕೂತ್ಕೊಂಡು, ಆರಿದ ಆಹಾರ. 2019ರ ಒಂದು ಅಮೆರಿಕನ್ ಟ್ರಯಲ್‌ನಲ್ಲಿ ಲಿಗ್ನೋಕೇನ್-ಆಂಟಾಸಿಡ್ ಮಿಶ್ರಣದ ಮೌತ್‌ವಾಶು, ಡಾಕ್ಸೆಪಿನ್ ಮೌತ್‌ವಾಶು ಎರಡೂ ಮೊದಲ ನಾಲ್ಕು ಗಂಟೆ ನೋವು ಕಮ್ಮಿ ಮಾಡಿದ್ವು, ಆದ್ರೆ ಹೋಲಿಕೆಗೆ ಅಂತ ಕೊಟ್ಟ, ಔಷಧಿ ಇಲ್ಲದ ಉತ್ತುತ್ತು ಮೌತ್‌ವಾಶಿಗೂ ಇವಕ್ಕೂ ವ್ಯತ್ಯಾಸ ತೀರಾ ದೊಡ್ಡದಲ್ಲ. ಡಾಕ್ಸೆಪಿನ್ ಹಾಕಿದವರಿಗೆ ತೂಕಡಿಕೆ ಬೇರೆ.

ದಿನವಿಡೀ ನೋವಿಗೆ ಮಾತ್ರೆನೇ ಬೇಕು. ಪ್ಯಾರಸಿಟಮಾಲ್, ಆಮೇಲೆ ಟ್ರಮಡಾಲ್, ಅದಕ್ಕೂ ಬಗ್ಗದಿದ್ರೆ ಮಾರ್ಫಿನ್. ಮಾರ್ಫಿನ್ ಅಂದ ತಕ್ಷಣ "ಹಾಗಾದ್ರೆ ಕೊನೇ ಸ್ಟೇಜಾ ಡಾಕ್ಟ್ರೇ" ಅಂತ ಅಳೋರನ್ನ ನೋಡಿದೀನಿ. ಅಲ್ಲ. ಹುಣ್ಣು ಮಾಯೋ ತನಕ ಕೊಟ್ಟು ಆಮೇಲೆ ಹಂತಹಂತವಾಗಿ ಇಳಿಸಿ ನಿಲ್ಲಿಸ್ತಾರೆ, ಮಲಬದ್ಧತೆ ಮಾತ್ರ ಗ್ಯಾರಂಟಿ, ಅದಕ್ಕೆ ಔಷಧಿ ಜೊತೆಜೊತೇಲೇ ಬರೆಸ್ಕೊಳ್ಳಿ. ಸಿಸ್‌ಪ್ಲಾಟಿನ್ ಕೀಮೋನೂ ನಡೀತಿದ್ರೆ ಮೆಡಿಕಲ್ ಶಾಪಿಂದ ಬ್ರೂಫೆನ್, ಡೈಕ್ಲೋಫೆನಾಕ್ ತಂದು ನುಂಗಿಸಬೇಡಿ, ಕಿಡ್ನಿಗೆ ಎರಡೂ ಕಡೆಯಿಂದ ಪೆಟ್ಟು. ಕೀಮೋ ಟೈಮಲ್ಲಿ ಜ್ವರ ಬಂದ್ರೆ, ಬಾಯಲ್ಲಿ ರಕ್ತ ನಿಲ್ಲದಿದ್ರೆ, ರಾತ್ರಿ ಆದ್ರೂ ಹೊರಡಿ.

ಮಧ್ಯದಲ್ಲಿ ಇದ್ದಕ್ಕಿದ್ದಂಗೆ ಉರಿ ಜಾಸ್ತಿ ಆಗಿ, ಮೊಸರು ಮೆತ್ತಿದ ಹಾಗೆ ಬಿಳಿ ಪದರ ಕಂಡ್ರೆ ಅದು ಬಹುಶಃ ಫಂಗಸ್. ಕಮ್ಮಿ ಇದ್ದಾಗ ಕ್ಲೋಟ್ರಿಮಜೋಲ್ ಮೌತ್ ಪೇಂಟ್ ಸಾಕು, ಗಂಟಲಿಗೆ ಇಳಿದಿದ್ರೆ ಫ್ಲುಕೊನಜೋಲ್ ಮಾತ್ರೆ, ಅದನ್ನ ಡಾಕ್ಟರೇ ಹೇಳ್ಬೇಕು ಯಾಕಂದ್ರೆ ಬೇರೆ ಮಾತ್ರೆಗಳ ಜೊತೆ ಅದಕ್ಕೆ ಜಗಳ ಜಾಸ್ತಿ.

ಮೂಗಿನ ಟ್ಯೂಬಾ, ಹೊಟ್ಟೆ ಟ್ಯೂಬಾ, ಬಾಯಲ್ಲೇ ತಳ್ಳೋದಾ

ಬಾಯಲ್ಲಿ ಹೋಗೋ ತನಕ ಬಾಯಲ್ಲೇ. ಖಾರ, ಹುಣಿಸೆ, ನಿಂಬೆ, ಟೊಮೇಟೊ, ಉಪ್ಪಿನಕಾಯಿ ಬಂದ್, ಚಕ್ಲಿ-ನಿಪ್ಪಟ್ಟು ತರ ಚುಚ್ಚೋದು ಬಂದ್. ಹುಳಿ ಇಲ್ಲದ ಮೊಸರಲ್ಲಿ ಮೆತ್ತಗೆ ಹಿಸುಕಿದ ಅನ್ನ, ಹಾಲಲ್ಲಿ ನೆನೆಸಿದ ಇಡ್ಲಿ, ತುಪ್ಪ ಹಾಕಿದ ಬೇಳೆ ಕಟ್ಟು, ರಾಗಿ ಗಂಜಿ, ಶಾವಿಗೆ ಪಾಯಸ, ಪೂರ್ತಿ ಬೆಂದ (ಅರೆಬೆಂದದ್ದಲ್ಲ) ಮೊಟ್ಟೆ ಹಿಸುಕಿದ್ದು. ಮುದ್ದೆ ಹೇಗೂ ನುಂಗೋದೇ ತಾನೇ ಅಂತ ಕೊಡ್ತಾರೆ, ಆದ್ರೆ ಜೊಲ್ಲು ಇಲ್ಲದ ಗಂಟಲಲ್ಲಿ ಅದು ಕಚ್ಕೊಂಡು ನಿಲ್ಲತ್ತೆ, ಅದೇ ರಾಗೀನ ಗಂಜಿ ಮಾಡಿ. ಬರೀ ಎಳನೀರು, ಗ್ಲೂಕೋಸ್ ನೀರಲ್ಲಿ ದಿನ ದೂಡೋದು ಬೇಡ, ಅದ್ರಲ್ಲಿ ಪ್ರೋಟೀನೇ ಇಲ್ಲ.

ವಾರ ವಾರ ತೂಕ ನೋಡಿ. ತೂಕ ಇಳಿದ್ರೆ ಶಕ್ತಿ ಹೋಗೋದು ಒಂದಾದ್ರೆ, ಮುಖದ ಮಾಸ್ಕ್ ಸಡಿಲ ಆಗಿ ಮತ್ತೆ ಸ್ಕ್ಯಾನು, ಮತ್ತೆ ಪ್ಲಾನಿಂಗು ಅಂತ ದಿನ ಹೋಗೋದು ಇನ್ನೊಂದು. ದಿನಾ ತಿನ್ಬೇಕಾದ್ದರಲ್ಲಿ ಅರ್ಧ ಮಾತ್ರ ಹೋಗ್ತಿದೆ, ಹೀಗೇ ಒಂದು ವಾರ ಆಯ್ತು ಅಂದ್ರೆ ಟ್ಯೂಬಿನ ಮಾತು ತೆಗೀಬೇಕು, ಪೂರ್ತಿ ಸುಸ್ತಾಗೋ ತನಕ ಕಾಯೋದಲ್ಲ.

ಮೂಗಿಂದ ಹಾಕೋ ರೈಲ್ಸ್ ಟ್ಯೂಬು ಹಾಸಿಗೆ ಹತ್ರಾನೇ ಹಾಕ್ತಾರೆ, ಖರ್ಚು ಕಮ್ಮಿ, ಬೇಡ ಅಂದ ದಿನ ಎಳೆದು ತೆಗೀಬಹುದು. ಗಂಟಲಲ್ಲಿ ಉಜ್ಜತ್ತೆ, ಕೆಮ್ಮಿದಾಗ ಆಚೆ ಬರತ್ತೆ, ಕೆಲವು ವಾರಕ್ಕೊಮ್ಮೆ ಬದಲಾಯಿಸ್ಬೇಕು, ಬಸ್ಸಲ್ಲಿ ಎಲ್ಲರೂ ಮುಖ ನೋಡ್ತಾರೆ ಅಂತ ಪೇಷೆಂಟಿಗೆ ಬೇಜಾರು (ಇದನ್ನ ಸಣ್ಣ ವಿಷ್ಯ ಅನ್ಕೋಬೇಡಿ, ಎಷ್ಟೋ ಜನ ಬೇಡ ಅನ್ನೋದು ಇದಕ್ಕೇ). ಹೊಟ್ಟೆಗೆ ನೇರ ಹಾಕೋ ಪೆಗ್ ಟ್ಯೂಬಿಗೆ ಎಂಡೋಸ್ಕೋಪಿ ಬೇಕು, ಖರ್ಚು ಜಾಸ್ತಿ, ತೂತಿನ ಸುತ್ತ ಸೋಂಕು ಆಗಬಹುದು, ಆದ್ರೆ ಶರ್ಟ್ ಒಳಗೆ ಮುಚ್ಚಿಹೋಗತ್ತೆ, ತಿಂಗಳುಗಟ್ಲೆ ಇರತ್ತೆ. ಅದರ ಆರಾಮೇ ಅದರ ತೊಂದ್ರೆ ಕೂಡ, ಪೆಗ್ ಇದ್ದೋರು ಬಾಯಲ್ಲಿ ತಿನ್ನೋಕೆ ವಾಪಸ್ ಬರೋದು ಲೇಟು. ಹೆಚ್ಚಿನವರಿಗೆ ಮೂಗಿನ ಟ್ಯೂಬೇ ಸಾಕು ಅನ್ನೋದು ನನ್ನ ಅಭಿಪ್ರಾಯ, ಒಂದು ತಿಂಗಳಿಗಿಂತ ಜಾಸ್ತಿ ಬೇಕಾಗತ್ತೆ ಅಂತ ಮೊದಲೇ ಗೊತ್ತಿದ್ರೆ, ಉದಾಹರಣೆಗೆ ಈಗಾಗ್ಲೇ ನುಂಗೋದೇ ಕಷ್ಟ ಇರೋ ದೊಡ್ಡ ಗಂಟಲು ಗಡ್ಡೆಯಲ್ಲಿ, ಪೆಗ್ ಬಗ್ಗೆ ಮೊದಲೇ ಕೇಳಿ.

ಯಾವ್ದೇ ಟ್ಯೂಬ್ ಇರ್ಲಿ, ಶ್ವಾಸಕ್ಕೆ ಹೋಗತ್ತೆ ಅಂತ ಡಾಕ್ಟರ್ ಬೇಡ ಅಂದಿಲ್ಲದಿದ್ರೆ ದಿನಾ ಒಂದಿಷ್ಟು ಗುಟುಕು ನೀರು ನುಂಗ್ತಾ ಇರ್ಬೇಕು, ನುಂಗೋ ಸ್ನಾಯು ಕೆಲಸ ಬಿಟ್ರೆ ಮತ್ತೆ ಕಲಿಯೋದು ಕಷ್ಟ. ಗಂಜಿ ಸೋಸಿ ಹಾಕಿ, ಮುಂಚೆ-ಆಮೇಲೆ ನೀರು ಬಿಡಿ, ರಾಗಿ ಗಟ್ಟಿ ಇದ್ರೆ ಟ್ಯೂಬ್ ಕಟ್ಕೊಳ್ಳತ್ತೆ. ಹಾಕಿ ಅರ್ಧ ಗಂಟೆ ಮಲಗಿಸಬೇಡಿ.

ಒಣ ಬಾಯಿಗೆ

ನೀರಿನ ಬಾಟ್ಲಿ ಜೊತೇಲಿಟ್ಕೊಂಡು ಗುಟುಕು ಗುಟುಕು ಕುಡಿಯೋದು ಎಲ್ಲರಿಗೂ ಆಗತ್ತೆ, ರಾತ್ರಿ ನಿದ್ದೆ ಮಾತ್ರ ಹಾಳು. ರಾತ್ರಿಗೆ ಕೃತಕ ಜೊಲ್ಲಿನ ಜೆಲ್ಲು ಒಳ್ಳೇದು, ಅದು ನೀರಿಗಿಂತ ಜಾಸ್ತಿ ಹೊತ್ತು ಅಂಟಿಕೊಂಡಿರತ್ತೆ, ಹಗಲಿಗೆ ಸ್ಪ್ರೇ. ಅಷ್ಟೋ ಇಷ್ಟೋ ಜೊಲ್ಲು ಉಳಿದಿದ್ರೆ ಕ್ಸೈಲಿಟಾಲ್ ಇರೋ ಶುಗರ್‌ಲೆಸ್ ಚೂಯಿಂಗ್ ಗಮ್. ಪೈಲೋಕಾರ್ಪಿನ್ ಮಾತ್ರೆ (5 ಮಿಗ್ರಾಂ, ದಿನಕ್ಕೆ ಮೂರು) ಉಳಿದಿರೋ ಗ್ರಂಥಿಯನ್ನ ಕೆರಳಿಸಿ ಜೊಲ್ಲು ಬರಿಸತ್ತೆ, ಗ್ರಂಥಿನೇ ಪೂರ್ತಿ ಸುಟ್ಟಿದ್ರೆ ಏನೂ ಆಗಲ್ಲ, ಎರಡು-ಮೂರು ತಿಂಗಳು ನೋಡಿ ತೀರ್ಮಾನ ಮಾಡ್ಬೇಕು, ಬೆವರು ಧಾರಾಕಾರ. ಹತೋಟಿಗೆ ಬರದ ಅಸ್ತಮಾ, ಕೆಲವು ತರದ ಗ್ಲಾಕೋಮಾ ಇರೋರಿಗೆ ಆಗಲೇ ಆಗಲ್ಲ. ಜೊಲ್ಲು ಬರ್ಲಿ ಅಂತ ನಿಂಬೆಹುಳಿ ಪೆಪ್ಪರಮೆಂಟು ಚೀಪೋದು ಎಲ್ಲಕ್ಕಿಂತ ಕೆಟ್ಟ ಆಯ್ಕೆ, ಹುಳಿ-ಸಕ್ಕರೆ ಎರಡೂ ಹಲ್ಲು ತಿನ್ನತ್ತೆ.

ಜೊಲ್ಲು ಇಲ್ಲದ ಬಾಯಲ್ಲಿ ಹುಳುಕು ವಸಡಿನ ಅಂಚಲ್ಲಿ ಸುತ್ತ ಹಿಡಿಯತ್ತೆ, ಕೆಲವೇ ತಿಂಗಳಲ್ಲಿ ಹಲ್ಲು ಮುರಿದು ಬೀಳೋಷ್ಟು. ಅದಕ್ಕೆ ಎರಡು ದಾರಿ: ನಿಮ್ಮ ಹಲ್ಲಿನ ಅಳತೆಗೆ ಮಾಡಿಸಿದ ಟ್ರೇಯಲ್ಲಿ ಫ್ಲೋರೈಡ್ ಜೆಲ್ ಹಾಕಿ ದಿನಾ ಐದು-ಹತ್ತು ನಿಮಿಷ ಕಚ್ಚಿ ಹಿಡಿಯೋದು, ಇಲ್ಲಾ 5000 ಪಿಪಿಎಂ ಫ್ಲೋರೈಡ್ ಪೇಸ್ಟಲ್ಲಿ ಉಜ್ಜೋದು (ಮಾಮೂಲಿ ಪೇಸ್ಟಲ್ಲಿ ಸಾವಿರದ ಆಸುಪಾಸು). ಟ್ರೇ ಸರಿಯಾಗಿ ಮಾಡಿದ್ರೆ ಬಲವಾದದ್ದು, ಆದ್ರೆ ಕೆಲವು ತಿಂಗಳಾದ್ಮೇಲೆ ಡಬ್ಬಿಯೊಳಗೆ ಕೂತಿರತ್ತೆ. ನಿಜವಾಗ್ಲೂ ದಿನಾ ಮಾಡೋದು ಪೇಸ್ಟಾದ್ರೆ ಪೇಸ್ಟೇ ತಗೊಳ್ಳಿ, ಉಗಿದ ಮೇಲೆ ನೀರಲ್ಲಿ ತೊಳಿಬೇಡಿ. ಜೆಲ್ಲು ನ್ಯೂಟ್ರಲ್ ಇರ್ಲಿ, ಆಸಿಡ್ ಇರೋ ತರದ್ದು ಉರಿಯತ್ತೆ. ಬ್ರಶ್ಶು ಮಕ್ಕಳ ಮೃದು ಬ್ರಶ್ಶು.

ಬಾಯಿ ತೆರೆಯೋದು

ಗುಟ್ಕಾ, ಅಡಿಕೆ ಹಾಕಿ ಹಾಕಿ ಮೊದಲೇ ಬಾಯಿ ಬಿಗಿದಿರೋರು ನಮ್ಮಲ್ಲಿ ಕಮ್ಮಿ ಇಲ್ಲ, ಅದರ ಮೇಲೆ ಕರೆಂಟ್ ಬಿದ್ರೆ ದವಡೆ ಸ್ನಾಯು ಇನ್ನೂ ಬಿಗೀತಾ ಹೋಗತ್ತೆ. ಮುಂದಿನ ಹಲ್ಲುಗಳ ಮಧ್ಯ 35 ಮಿಲಿಮೀಟರಿಗಿಂತ ಕಮ್ಮಿ ಆದ್ರೆ ಅದು ಟ್ರಿಸ್ಮಸ್, ಮನೇಲಿ ನೋಡೋಕೆ ತಮ್ಮದೇ ಮೂರು ಬೆರಳು ಒಟ್ಟಿಗೆ ಹೋಗತ್ತಾ ಅಂತ ನೋಡಿ. ಬಾಯಿ ತೆರೆಸೋಕೆ ಥೆರಾಬೈಟ್ ತರದ ಸಾಧನ ದುಬಾರಿ, ಬಳಸೋಕೆ ಸಲೀಸು, ಒತ್ತಡ ಎರಡೂ ಕಡೆ ಸಮ ಬೀಳತ್ತೆ. ಐಸ್‌ಕ್ರೀಮ್ ಕಡ್ಡಿಗಳನ್ನ ಒಂದರ ಮೇಲೊಂದು ಜೋಡಿಸಿ ಹಲ್ಲಿನ ಮಧ್ಯ ಇಡೋದು ಹೆಚ್ಚುಕಮ್ಮಿ ಪುಕ್ಕಟೆ, ಅಲ್ಲಾಡೋ ಹಲ್ಲಿದ್ರೆ ಮಾತ್ರ ಆಗಲ್ಲ. ಪ್ರತಿದಿನ ಮೂರರಿಂದ ಐದು ಸಲ, ಒಂದೊಂದು ಸಲಕ್ಕೆ ಅರ್ಧ ನಿಮಿಷ ಹಿಡಿದು ಬಿಡೋದು. ಹುಣ್ಣು ಜೋರಿರೋ ವಾರಗಳಲ್ಲಿ ನೋವಿನ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಮೆಲ್ಲಗೆ ಮಾಡಿಸಿ, ಪೂರ್ತಿ ಬಿಡಿಸಬೇಡಿ. ಕರೆಂಟ್ ಶುರುವಾಗೋ ಮುಂಚಿನ ದಿನ ಎಷ್ಟು ಕಡ್ಡಿ ಹಿಡೀತಿತ್ತು ಅಂತ ಫೈಲಿನ ಮೇಲೆ ಬರೆದಿಡಿ, ಮುಗಿದ ಮೇಲೂ ವಾರಕ್ಕೊಂದು ಸಲ ಎಣಿಸಿ, ಎರಡು ಕಡ್ಡಿ ಕಮ್ಮಿ ಆಯ್ತು ಅನ್ನಿಸಿದ್ರೆ ಮುಂದಿನ ಚೆಕಪ್ ಡೇಟಿಗೆ ಕಾಯದೆ ಫಿಸಿಯೋ ಹತ್ರ ಹೋಗಿ.